ಸಹಾಯ ಬೇಕು: ವಯಸ್ಸಾದ ಅಪ್ಪನಿಗೆ ಲಿವರ್ ಆಪರೇಷನ್

ನಾವು ಸೋಮವಾರಪೇಟೆ ಕಡೆಯವರು. ಅಪ್ಪನಿಗೆ 77 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್ ಲಿವರ್‌ಗೂ ಹರಡಿದೆ. ಒಂದೇ ಕಡೆ ಇರುವುದರಿಂದ ಆ ಭಾಗ ಕತ್ತರಿಸಿ ತೆಗೆಯಬಹುದಂತೆ. ನೆಂಟರೆಲ್ಲ "ಈ ವಯಸ್ಸಲ್ಲಿ ಯಾಕೆ?" ಅಂತಾರೆ. ಆದರೆ ಬರೀ ವಯಸ್ಸು ನೋಡಿ ಬೇಡ ಅನ್ನುವುದಿಲ್ಲ ಅಂತ ಡಾಕ್ಟರ್ ಹೇಳಿದರು. ಹೃದಯ, ಶ್ವಾಸಕೋಶ ಹೇಗಿವೆ, ಉಳಿಯುವ ಲಿವರ್ ಸಾಕಾಗುತ್ತದಾ ಎಂಬುದೇ ಮುಖ್ಯ. ಲಿವರ್ ಮತ್ತೆ ಬೆಳೆಯುತ್ತದೆ, ವಯಸ್ಸಾದವರಲ್ಲಿ ಸ್ವಲ್ಪ ನಿಧಾನ ಅಷ್ಟೇ. ಅಪ್ಪನಿಗೆ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಹಾಳಾಗುವ ಕಾಯಿಲೆ) ಇಲ್ಲ, ಈಗಲೂ ಕಾಫಿ ತೋಟದ ಏರು ಹತ್ತುತ್ತಾರೆ. ಮಾಡಿಸಲೇಬೇಕು ಅಂತ ನನ್ನ ಮನಸ್ಸು.

ಮೈಸೂರು, ಮಂಗಳೂರು, ಬೆಂಗಳೂರಲ್ಲಿ ಮನೆಯ ಹಿರಿಯರಿಗೆ ಮಾಡಿಸಿದವರು ದಯವಿಟ್ಟು ತಿಳಿಸಿ. ಆಮೇಲೆ ಮಂಕು, ಗೊಂದಲ ಬಂತಾ? ಊಟ ಸೇರಿತಾ? ಈ ಮಳೆಯಲ್ಲಿ ಊರಿಗೆ ಕರೆತರುವುದಾ, ಆಸ್ಪತ್ರೆ ಹತ್ತಿರವೇ ರೂಮ್ ಮಾಡುವುದಾ?