ನೆಕ್ಸ್ಟ್‌ಕ್ಲೌಡ್ 25ರಿಂದ 31ಕ್ಕೆ ನೇರ ಹಾರಬಹುದಾ?

ಪ್ರೆಸ್_ಶಿವಮೊಗ್ಗ

ನಮ್ಮದು ಸಣ್ಣ ಆಫ್‌ಸೆಟ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್ಕು, ಸಹಕಾರ ಸಂಘಗಳ ವಾರ್ಷಿಕ ವರದಿ, ಇಂಥವು. ಡಿಸೈನ್ ಫೈಲುಗಳೆಲ್ಲ ಹಳೇ ಡೆಸ್ಕ್‌ಟಾಪ್ ಒಂದರ ನೆಕ್ಸ್ಟ್‌ಕ್ಲೌಡ್‌ನಲ್ಲಿವೆ (ನಮ್ಮದೇ ಯಂತ್ರದಲ್ಲಿ ಫೈಲು ಇಟ್ಟು ಹಂಚುವ ಸಾಫ್ಟ್‌ವೇರ್). ಗಿರಾಕಿಗಳಿಗೆ ಪ್ರೂಫ್ ಕಳಿಸೋದೂ ಅದರ ಲಿಂಕಿನಲ್ಲೇ. ಉಬುಂಟು 22.04, ಪಿಎಚ್‌ಪಿ 8.1 (ನೆಕ್ಸ್ಟ್‌ಕ್ಲೌಡ್ ಓಡೋದು ಇದರ ಮೇಲೆ), ಡೇಟಾಬೇಸ್ ಮರಿಯಾಡಿಬಿ. ಡಾಕರ್ (ಪ್ರೋಗ್ರಾಮನ್ನು ಕಂಟೇನರ್ ಅನ್ನೋ ಡಬ್ಬಿಯಲ್ಲಿಟ್ಟು ಓಡಿಸೋದು) ಇಲ್ಲ. ಹಾಕಿಕೊಟ್ಟ ಹುಡುಗ ಬೆಂಗಳೂರು ಸೇರಿದ ಮೇಲೆ ಆವೃತ್ತಿ 25ರಲ್ಲೇ ನಿಂತಿದೆ. 31ರ ಜಿಪ್ ಇಳಿಸಿ ಹಳೇ ಫೋಲ್ಡರ್ ಮೇಲೆ ಹರಡಿದರೆ ಆಗುತ್ತಾ? ಡೇಟಾ 1 ಟಿಬಿ ದಾಟಿದೆ. ಆಷಾಢದೊಳಗೆ ಮುಗಿಸಬೇಕು, ಶ್ರಾವಣ ಬಂದರೆ ಲಗ್ನಪತ್ರಿಕೆ ಶುರು.

ಹಳೇ_ಸರ್ವರ್

ಹರಡಬೇಡಿ. ಹಳೇ ಫೈಲು ಹೊಸ ಫೈಲು ಬೆರೆತು, ಕೋಡ್ ತಪಾಸಣೆಯಲ್ಲಿ ಕೆಂಪು ಸಾಲು ಸುರಿಯುತ್ತೆ. ನೇರ ಹಾರುವುದಂತೂ ಇಲ್ಲವೇ ಇಲ್ಲ. ನೆಕ್ಸ್ಟ್‌ಕ್ಲೌಡ್‌ನಲ್ಲಿ ದೊಡ್ಡ ಆವೃತ್ತಿ ಒಂದೊಂದೇ ಹತ್ತಬೇಕು: 26, 27, 28, 29, 30, ಆಮೇಲೆ 31. ನಿಮ್ಮ ಪುಣ್ಯ, ಪಿಎಚ್‌ಪಿ 8.1 ಈ ಇಡೀ ದಾರಿಗೆ ನಡೆಯುತ್ತೆ. 31ರಲ್ಲಿ ಅದು ಹೊರಡುವ ಪಟ್ಟಿಯಲ್ಲಿದೆ, ಆದರೂ ಓಡುತ್ತೆ. ಹಾಗಾಗಿ ಮಧ್ಯದಲ್ಲಿ ಪಿಎಚ್‌ಪಿ ಮುಟ್ಟಬೇಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಕೆಟ್ಟಾಗ ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗಲ್ಲ.

ಆದರೆ ನನ್ನ ಪ್ರಕಾರ ಅಪ್‌ಗ್ರೇಡ್ ಸುಲಭದ ಭಾಗ. ಬ್ಯಾಕಪ್ ಎಲ್ಲಿದೆ ಅಂತ ನೀವು ಬರೆದೇ ಇಲ್ಲ, ಗಮನಿಸಿದೆ. ಅಪ್‌ಡೇಟರ್ ತಾನೇ ಬ್ಯಾಕಪ್ ಮಾಡಿತು ಅಂತ ತೋರಿಸುತ್ತೆ, ನಂಬಿಕೊಂಡು ಕೂರಬೇಡಿ: ಅದು ತೆಗೆದಿಡುವುದು ಪ್ರೋಗ್ರಾಮಿನ ಕೋಡ್ ಮಾತ್ರ. ಡೇಟಾಬೇಸನ್ನಾಗಲಿ ಡೇಟಾ ಫೋಲ್ಡರನ್ನಾಗಲಿ ಮುಟ್ಟಲ್ಲ. ನಿಮಗೆ ಬೇಕಾದ್ದು ಕಾನ್ಫಿಗ್ ಫೋಲ್ಡರ್, ಡೇಟಾ ಫೋಲ್ಡರ್, ಡೇಟಾಬೇಸ್ ಡಂಪ್ (ಡೇಟಾಬೇಸನ್ನು ಪೂರ್ತಿ ಫೈಲಿಗೆ ಇಳಿಸಿದ ನಕಲು), ಜೊತೆಗೆ ಈಗಿನ 25ರ ಕೋಡ್. ನಾಲ್ಕೂ ಒಂದೇ ಹೊತ್ತಿನವಾಗಿರಬೇಕು. ಬೆಳಗ್ಗಿನ ಡೇಟಾಬೇಸಿಗೆ ಸಂಜೆಯ ಫೈಲು ಕೂಡಿಸಿದರೆ, ನಡುವೆ ಬಂದ ಫೈಲು ಡಿಸ್ಕಿನಲ್ಲಿದ್ದೂ ಪಟ್ಟಿಯಲ್ಲಿ ಕಾಣಲ್ಲ. ಅದಕ್ಕೇ ಮೆಂಟೆನೆನ್ಸ್ ಮೋಡ್ (ಆ ಹೊತ್ತು ಯಾರೂ ಬಳಸದಂತೆ ತಡೆಯೋದು) ಹಾಕಿ ಬ್ಯಾಕಪ್ ತೆಗೆಯೋದು.

ಡಂಪ್ ತೆಗೆಯುವಾಗ ಅಕ್ಷರಸೆಟ್ ಯುಟಿಎಫ್8ಎಂಬಿ4 ಅಂತ ಕೊಡಿ. ಕನ್ನಡ ಅಕ್ಷರ 3 ಬೈಟಿನದು, ಹಳೇ ಯುಟಿಎಫ್8ನಲ್ಲೂ ಉಳಿಯುತ್ತೆ. ಗಿರಾಕಿ ಫೈಲಿನ ಹೆಸರಿನಲ್ಲಿಟ್ಟ ಎಮೋಜಿ ಉಳಿಯಲ್ಲ, ಪ್ರಶ್ನಾರ್ಥಕ ಚಿಹ್ನೆ ಆಗಿಬಿಡುತ್ತೆ. (ಲಗ್ನಪತ್ರಿಕೆ ಫೈಲಿಗೆ ಹೃದಯ ಅಂಟಿಸದವರು ಯಾರಿದ್ದಾರೆ?)

ಆಮೇಲೆ ಆ ಬ್ಯಾಕಪ್ಪನ್ನು ಇನ್ನೊಂದು ಯಂತ್ರದಲ್ಲಿ ಎಬ್ಬಿಸಿ, 31ರವರೆಗೆ ಅಲ್ಲೇ ಒಮ್ಮೆ ಹತ್ತಿಸಿ. ಆ ನಕಲು ಅಸಲಿ ಡೇಟಾ ಫೋಲ್ಡರಿನತ್ತ ತಿರುಗಿರಬಾರದು. ಕ್ರಾನ್ (ಹೊತ್ತು ಹೊತ್ತಿಗೆ ತಾನಾಗಿ ಓಡುವ ಕೆಲಸ), ಮೇಲ್ ಎರಡೂ ನಿಲ್ಲಿಸಿ, ಇಲ್ಲದಿದ್ದರೆ ನಿಮ್ಮ ಗಿರಾಕಿಗಳಿಗೆ ನಕಲೂ ಮೇಲ್ ಕಳಿಸುತ್ತೆ.

ಹುಬ್ಳಿ_ಕಂಟೇನರ್

ಇವರದು ಡಾಕರ್ ಅಲ್ಲ, ಖರೆ. ಆದ್ರ ಓದೋರಿಗೆ ಉಪಯೋಗ ಆಗ್ಲಿ ಅಂತ ಬರೀತೀನಿ. ಇಮೇಜ್ (ಡಾಕರ್ ಇಳಿಸಿಕೊಳ್ಳೋ ಪ್ರೋಗ್ರಾಮಿನ ಪ್ಯಾಕೆಟ್) ಹೆಸರಿನ ಮುಂದ 'ಲೇಟೆಸ್ಟ್' ಅಂತ ಬರೀಬ್ಯಾಡ್ರಿ. ವರ್ಷ ಬಿಟ್ಟು ಪುಲ್ ಮಾಡಿದ್ರ (ಇಳಿಸಿಕೊಂಡ್ರ) ಎರಡು ಆವೃತ್ತಿ ಮುಂದಿಂದು ಬಂದು ಕುಂದರ್ತದ, ಕಂಟೇನರ್ ಏಳೂದಿಲ್ಲ. ಡೇಟಾಬೇಸಿಗೂ ಹಂಗ. ಪೋಸ್ಟ್‌ಗ್ರೆಸ್ 13 ಇದ್ದಲ್ಲಿ 16 ಅಂತ ತಿದ್ದಿದ್ರ ಹಳೇ ಫೋಲ್ಡರ್ ಅದು ಓದೂದ ಇಲ್ಲ, ಡಂಪ್ ತಗದು ಹೊಸದರಾಗ ತುಂಬಬೇಕು. ನಂಬರ್ ಬರೀರಿ, ಒಂದೊಂದ ಏರಿಸ್ರಿ.

ಪ್ರೆಸ್_ಶಿವಮೊಗ್ಗ

ಬ್ಯಾಕಪ್ ಅಂತ ಒಂದು ಹೊರಗಿನ ಡಿಸ್ಕ್ ಇದೆ, ಅದರಲ್ಲಿ ಡೇಟಾ ಫೋಲ್ಡರ್ ಮಾತ್ರ. ಎರಡು ಸಂಶಯ. 1 ಟಿಬಿ ಕಾಪಿ ಆಗುವಷ್ಟು ಹೊತ್ತು ಪ್ರೆಸ್ ನಿಲ್ಲಿಸೋಕಾಗಲ್ಲ. ಮತ್ತೆ ಮಳೆಗಾಲ, ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತೋ ಹೇಳಕ್ಕಾಗಲ್ಲ.

ಹಳೇ_ಸರ್ವರ್

ನಿಲ್ಲಿಸಬೇಕಾಗಿಲ್ಲ. ಸರ್ವರ್ ಓಡ್ತಿರುವಾಗಲೇ ಆರ್‌ಸಿಂಕ್ (ಕಾಪಿ ಮಾಡುವ ಆಜ್ಞೆ) ಒಂದು ಸುತ್ತು ಬಿಡಿ, ಎಷ್ಟು ಹೊತ್ತಾದರೂ ಆಗಲಿ. ರಾತ್ರಿ ಮೆಂಟೆನೆನ್ಸ್ ಮೋಡ್ ಹಾಕಿ ಮತ್ತೊಮ್ಮೆ ಬಿಡಿ. ಆಗ ಬದಲಾದದ್ದಷ್ಟೇ ಹೋಗುತ್ತೆ. ಅದೇ ಹೊತ್ತಿಗೆ ಡಂಪ್. ತಾಲೀಮಿಗೆ 1 ಟಿಬಿ ಪೂರ್ತಿ ಬೇಡ: ಕೋಡ್, ಕಾನ್ಫಿಗ್, ಡೇಟಾಬೇಸ್ ಇದ್ದು, ಒಬ್ಬಿಬ್ಬರ ಫೋಲ್ಡರ್ ಇದ್ದರೆ ಸಾಕು. ಕಾನ್ಫಿಗ್‌ನಲ್ಲಿರುವ ಸೀಕ್ರೆಟ್ ಸಾಲು ಮಾತ್ರ ಎಲ್ಲೂ ಕಳೆಯಬೇಡಿ. ಸರ್ವರ್ ಎನ್‌ಕ್ರಿಪ್ಷನ್ (ಫೈಲುಗಳಿಗೆ ಗುಪ್ತಲಿಪಿಯ ಬೀಗ) ಹಾಕಿದ್ದರೆ ಅದಿಲ್ಲದೆ ಫೈಲು ತೆರೆಯಲ್ಲ.

ಕರೆಂಟಿಗೆ ಯುಪಿಎಸ್ ಬೇಕೇ ಬೇಕು, ಚರ್ಚೆಯಿಲ್ಲ. ಬ್ರೌಸರಿನ ಬಟನ್ ಒತ್ತಬೇಡಿ, ಟೈಮ್‌ಔಟ್ ಆದರೆ ಅರ್ಧದಲ್ಲಿ ನಿಲ್ಲುತ್ತೆ. ಟರ್ಮಿನಲ್‌ನಲ್ಲಿ ಟಿಮಕ್ಸ್ ಒಳಗೆ, ವೆಬ್ ಸರ್ವರಿನ ಯೂಸರ್ ಹೆಸರಲ್ಲಿ ಅಪ್‌ಡೇಟರ್ ಓಡಿಸಿ. ಲಾಗಿನ್ ಕಡಿದರೂ ಕೆಲಸ ಸಾಗ್ತಿರುತ್ತೆ. ಕೊನೆಗೆ ಮೆಂಟೆನೆನ್ಸ್ ಮೋಡ್ ಹಾಗೇ ಇಡಲಾ ಅಂತ ಕೇಳುತ್ತೆ. ಇನ್ನೂ ಮೆಟ್ಟಿಲು ಬಾಕಿ ಇದ್ದರೆ ಹೂಂ ಅನ್ನಿ. ಕೆಲವು ಆ್ಯಪ್ ಹೊಸ ಆವೃತ್ತಿಗೆ ಒಗ್ಗದೆ ತಾವಾಗಿ ಆಫ್ ಆಗಿರುತ್ತವೆ, ಕೊನೆಗೆ ನೋಡಿಕೊಳ್ಳಿ. ಇಂಡೆಕ್ಸ್ ಬಾಕಿ ಅಂತ ಎಚ್ಚರಿಕೆ ಬಂದರೆ ಓಸಿಸಿಯಲ್ಲಿ (ಟರ್ಮಿನಲ್‌ನಿಂದ ನೆಕ್ಸ್ಟ್‌ಕ್ಲೌಡ್ ನಡೆಸುವ ಸಾಧನ) ಅದಕ್ಕೊಂದು ಆಜ್ಞೆ ಇದೆ.

ಇಳಿಯುವ ದಾರಿ ಇಲ್ಲ ಅನ್ನೋದು ನೆನಪಿರಲಿ. 31ರಿಂದ 30ಕ್ಕೆ ಹಿಂತಿರುಗಿಸುವ ಬಟನ್ ಯಾರೂ ಮಾಡಿಲ್ಲ. ಹಿಂದೆ ಬರಬೇಕಾದರೆ ಕೋಡ್, ಕಾನ್ಫಿಗ್, ಡೇಟಾಬೇಸ್, ಡೇಟಾ ನಾಲ್ಕನ್ನೂ ಒಟ್ಟಿಗೆ ಹಾಕಬೇಕು, ಅಷ್ಟರಲ್ಲಿ ಬಂದ ಹೊಸ ಫೈಲು ಹೋದಂತೆಯೇ. ಆದ್ದರಿಂದ ನೀವೇ ಒಂದು ಹಳೇ ಪ್ರೂಫ್ ಲಿಂಕ್ ತೆರೆದು, ಕನ್ನಡ ಹೆಸರಿನ ಫೈಲು ಇಳಿಸಿ, ಒಂದು ಏರಿಸಿ ನೋಡುವವರೆಗೆ ಹುಡುಗರ ಲ್ಯಾಪ್‌ಟಾಪಿನ ಸಿಂಕ್ ಆಫ್ ಇರಲಿ.

ಪ್ರೆಸ್_ಶಿವಮೊಗ್ಗ

ಆಯ್ತು ಸಾರ್. ಮೊದಲು ಡಂಪ್ ತೆಗೆದು ಅಕೌಂಟ್ಸ್ ಕಂಪ್ಯೂಟರಿನಲ್ಲಿ ಎಬ್ಬಿಸಿ ನೋಡ್ತೀನಿ. ಎನ್‌ಕ್ರಿಪ್ಷನ್ ಹಾಕಿದ್ದಾನಾ ಅಂತ ಆ ಹುಡುಗನಿಗೆ ಫೋನ್ ಮಾಡ್ತಿದ್ದೀನಿ, ಎತ್ತುತ್ತಿಲ್ಲ.

ಹಳೇ_ಸರ್ವರ್

ಅವನು ಬೇಕಿಲ್ಲ. 'ಓಸಿಸಿ ಎನ್‌ಕ್ರಿಪ್ಷನ್:ಸ್ಟೇಟಸ್' ಅಂತ ಕೇಳಿ, ಅದೇ ಹೇಳುತ್ತೆ.