‘ಪೈರಸಿ’ಗೆ ‘ಕೃತಿಚೌರ್ಯ’ ಸರಿಯೇ, ‘ಕಳ್ಳಪ್ರತಿ’ ಸರಿಯೇ?

ಸಿನಿಮಾ ಪೈರಸಿಯನ್ನು ಕುರಿತ ಲೇಖನವೊಂದನ್ನು ತಿದ್ದುತ್ತಿದ್ದಾಗ, ‘ಪೈರಸಿ’ ಎನ್ನಬೇಕಾದಲ್ಲೆಲ್ಲ ಲೇಖಕರು ‘ಕೃತಿಚೌರ್ಯ’ ಎಂದು ಬರೆದಿದ್ದುದನ್ನು ಕಂಡೆ. ಈ ಬಳಕೆಯನ್ನು ಒಪ್ಪಲು ನನಗೆ ಸಾಧ್ಯವಾಗುತ್ತಿಲ್ಲ. ಕನ್ನಡದಲ್ಲಿ ಕೃತಿಚೌರ್ಯವೆಂದರೆ ಇನ್ನೊಬ್ಬರ ಬರಹವನ್ನು ತನ್ನದೆಂದು ಹೇಳಿಕೊಳ್ಳುವುದು. ಹೊಸ ಚಿತ್ರವನ್ನು ಟೆಲಿಗ್ರಾಂನಲ್ಲಿ ಹಂಚುವವನು ಹಾಗೆ ಹೇಳಿಕೊಳ್ಳುವುದಿಲ್ಲ. ನಿರ್ದೇಶಕರ ಮತ್ತು ತಾರೆಯರ ಹೆಸರು ಅದರಲ್ಲಿ ಹಾಗೆಯೇ ಉಳಿದಿರುವುದರಿಂದಲೇ ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ‘ನಕಲಿ’ ಎಂಬುದೂ ಹೊಂದುವುದಿಲ್ಲ. ನಕಲಿ ಔಷಧದಲ್ಲಿ ಅಸಲಿ ಮದ್ದು ಇರುವುದಿಲ್ಲ. ಇಲ್ಲಿ ಸಿಗುವುದು ಅದೇ ಚಿತ್ರ.

ಇನ್ನು ಇದನ್ನು ‘ಚೌರ್ಯ’ ಎನ್ನಬಹುದೇ ಎಂಬುದೇ ವಿವಾದದ ಮಾತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಭಾಷೆಯಲ್ಲಿ ಇದು ಹಕ್ಕಿನ ಉಲ್ಲಂಘನೆ. ಅಮೆರಿಕದ ಸುಪ್ರೀಂ ಕೋರ್ಟ್ ಕೂಡ 1985ರಲ್ಲಿ, ಎಲ್ವಿಸ್ ಪ್ರೀಸ್ಲಿಯ ಹಾಡುಗಳ ಅನಧಿಕೃತ ರೆಕಾರ್ಡುಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಿದ ಡೌಲಿಂಗ್ ಪ್ರಕರಣದಲ್ಲಿ, ಅವುಗಳನ್ನು ಕಳವಿನ ಮಾಲು ಎಂದು ಪರಿಗಣಿಸಲು ಒಪ್ಪಲಿಲ್ಲ. ಕರ್ನಾಟಕದಲ್ಲಿ ನಾವು ಗೂಂಡಾ ಕಾಯ್ದೆ ಎಂದು ಕರೆಯುವ ಶಾಸನವು ಆಡಿಯೋ ಮತ್ತು ವಿಡಿಯೋ ಪೈರಸಿ ಮಾಡುವವರನ್ನು ಕಳ್ಳಬಟ್ಟಿಯವರ ಸಾಲಿನಲ್ಲಿಯೇ ಹೆಸರಿಸಿದೆ.

ಈ ‘ಕಳ್ಳಬಟ್ಟಿ’ಯಲ್ಲಿಯೇ ನನಗೆ ದಾರಿ ಕಾಣುತ್ತಿದೆ. ಕಳ್ಳಬಟ್ಟಿ ಸಾರಾಯಿ ಯಾರ ಮನೆಯಿಂದಲೂ ಕದ್ದದ್ದಲ್ಲ. ಕಳ್ಳನೋಟನ್ನೂ ಯಾರ ಜೇಬಿನಿಂದಲೂ ಎತ್ತಿರುವುದಿಲ್ಲ. ಇಂತಹ ಸಮಾಸಗಳಲ್ಲಿ ‘ಕಳ್ಳ’ ಎಂಬುದಕ್ಕೆ ಕದ್ದದ್ದು ಎನ್ನುವುದಕ್ಕಿಂತ, ಅನುಮತಿಯಿಲ್ಲದೆ ಕಣ್ತಪ್ಪಿಸಿ ನಡೆಸಿದ್ದು ಎಂಬ ಅರ್ಥವೇ ಮುಖ್ಯ. ಆದ್ದರಿಂದ ‘ಕಳ್ಳಪ್ರತಿ’ ಎಂದರೆ, ಅದು ಕಳ್ಳತನವೋ ಅಲ್ಲವೋ ಎಂಬ ವಾದಕ್ಕೆ ಸಿಲುಕದೆ, ಹೇಳಬೇಕಾದುದನ್ನು ನಿಖರವಾಗಿ ಹೇಳಿದಂತಾಗುತ್ತದೆ.

ಆದರೆ ಒಂದು ತೊಡಕು ಉಳಿಯುತ್ತದೆ. ಕ್ಯಾಸೆಟ್ ಮತ್ತು ಸಿ.ಡಿ.ಗಳ ಕಾಲದಲ್ಲಿ ಉದ್ಯಮ ಮಾರುತ್ತಿದ್ದುದೇ ಪ್ರತಿಯನ್ನು; 2003ರಲ್ಲಿ ಆ್ಯಪಲ್ ಸಂಸ್ಥೆಯ ಐಟ್ಯೂನ್ಸ್ ಹಾಡೊಂದಕ್ಕೆ 99 ಸೆಂಟ್ ಪಡೆದು ಕೊಟ್ಟದ್ದೂ ಪ್ರತಿಯನ್ನೇ. ಚಿತ್ರ, ಹಾಡುಗಳ ಕಳ್ಳಪ್ರತಿಗಳನ್ನು ಹಂಚಿಕೊಳ್ಳುವ ಜಾಲತಾಣವಾದ ಪೈರೇಟ್ ಬೇ ಹುಟ್ಟಿದ ಸ್ವೀಡನ್ನಿನಲ್ಲಿಯೇ ಬೆಳೆದು 2008ರಲ್ಲಿ ಸೇವೆ ಆರಂಭಿಸಿದ ಸ್ಪಾಟಿಫೈ, ಹಾಡಿನ ಪ್ರತಿಯನ್ನು ಮಾರುವ ಬದಲು, ಜಾಹೀರಾತು ಮತ್ತು ಚಂದಾ ಹಣದ ಆಧಾರದ ಮೇಲೆ ಕೇಳುವ ಅವಕಾಶವನ್ನಷ್ಟೇ ನೀಡಿತು. 2023ರ ಜುಲೈಯಲ್ಲಿ ನೆಟ್‌ಫ್ಲಿಕ್ಸ್ ಭಾರತದಲ್ಲಿ ಒಂದು ಮನೆಯ ಖಾತೆಯನ್ನು ಇನ್ನೊಂದು ಮನೆಯವರು ಬಳಸುವುದಕ್ಕೆ ತಡೆ ಹಾಕಿತು. ಹೀಗೆ ಇನ್ನೊಬ್ಬರ ಪಾಸ್‌ವರ್ಡಿನಿಂದ ನೋಡುವುದನ್ನು ಪೈರಸಿ ಎನ್ನಬಹುದೇ ಎಂಬ ಪ್ರಶ್ನೆ ಹಾಗಿರಲಿ, ಅಲ್ಲಿ ‘ಪ್ರತಿ’ ಎಂಬುದೇ ಇಲ್ಲ. ‘ಕಳ್ಳನೋಟ’ ಎನ್ನೋಣವೆಂದರೆ ಆ ಮಾತು ಪ್ರೇಮಿಗಳಿಗೆ ಸೇರಿದ್ದು. ಅದನ್ನು ಅಲ್ಲಿಂದ ಕಿತ್ತು ತರಲು ನನಗೆ ಮನಸ್ಸಿಲ್ಲ.

ಪ್ರತಿಯಿಲ್ಲದ ಈ ಬಗೆಯ ನೋಡುವಿಕೆಗೆ ನಿಮ್ಮ ಕಡೆ ಯಾವ ಮಾತು ಬಳಕೆಯಲ್ಲಿದೆ? ಕ್ಯಾಸೆಟ್ ಅಂಗಡಿಗಳಲ್ಲಿ ‘ಡೂಪ್ಲಿಕೇಟ್’ ಎನ್ನುತ್ತಿದ್ದುದಕ್ಕೆ ಹುಬ್ಬಳ್ಳಿ, ಮಂಗಳೂರು, ಕಲಬುರಗಿಗಳಲ್ಲಿ ಬೇರೆ ಹೆಸರಿದ್ದರೆ ಅದನ್ನೂ, ವಾಕ್ಯದಲ್ಲಿ ಅದು ಬರುತ್ತಿದ್ದ ರೀತಿಯನ್ನೂ ಬಲ್ಲವರು ದಯವಿಟ್ಟು ತಿಳಿಸಬೇಕು.