ಕೊಡಚಾದ್ರಿಗೆ ಸ್ವಂತ ಗಾಡಿ ಹತ್ತಿಸಬಹುದಾ?

ಹೊಸಗಾಡಿ: ಮಾರುತಿ ಜಿಮ್ನಿ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡಬಲ್ಲ ಸಣ್ಣ ಜೀಪಿನಂಥ ಗಾಡಿ) ತಗೊಂಡು ನಾಲ್ಕು ತಿಂಗಳಾಯಿತು. ಇಲ್ಲಿಯವರೆಗೆ ಬೆಂಗಳೂರಿನ ಫ್ಲೈಓವರ್ ಬಿಟ್ಟು ಬೇರೇನೂ ಹತ್ತಿಸಿಲ್ಲ, ನಗಬೇಡಿ. ನವೆಂಬರಿನಲ್ಲಿ ಅಮ್ಮನ ಜೊತೆ ಕೊಲ್ಲೂರಿಗೆ ಹೋಗುತ್ತಿದ್ದೇವೆ. ಅಲ್ಲಿಂದ ಕೊಡಚಾದ್ರಿಗೆ ನಾನೇ ಓಡಿಸಬೇಕು ಅಂತ ಆಸೆ. ದಾರಿ ಅಷ್ಟು ಕೆಟ್ಟದಾಗಿದೆಯಾ, ಅಥವಾ ಬಾಡಿಗೆ ಜೀಪಿನವರು ಸುಮ್ನೆ ಹೆದರಿಸುತ್ತಾರಾ? 4ಎಚ್ (ನಾಲ್ಕೂ ಚಕ್ರಕ್ಕೆ ಶಕ್ತಿ, ಮಾಮೂಲಿ ವೇಗ) ಸಾಕಾ?

ಘಟ್ಟದವ: ಹೆದರಿಸುವುದಲ್ಲ ಮಾರಾಯ್ರೆ. ನಾಗೋಡಿ ಘಾಟಿ ಹತ್ತಿ ಕಟ್ಟಿನಹೊಳೆ ಊರು ಮುಟ್ಟುವ ತನಕ ಏನೂ ಇಲ್ಲ, ಆಟ ಶುರುವಾಗುವುದು ಅಲ್ಲಿಂದ. ಕೆಂಪು ಮಣ್ಣು, ನೀರು ಕೊರೆದ ಚರಂಡಿ, ಉರುಟು ಕಲ್ಲು. ಚರಂಡಿಯೊಳಗೆ ಚಕ್ರ ಇಳಿಸಬೇಡಿ, ಎರಡು ಏಣಿನ ಮೇಲೆ ಚಕ್ರ ಇಟ್ಟುಕೊಂಡೇ ಹೋಗಿ. 4ಎಲ್ (ನಾಲ್ಕೂ ಚಕ್ರಕ್ಕೆ ಶಕ್ತಿ, ವೇಗ ಕಮ್ಮಿ, ಎಳೆತ ಜಾಸ್ತಿ) ಹಾಕಿ, ಕಟ್ಟಿನಹೊಳೆ ದಾಟಿದ ಮೇಲೆ ಮಾತ್ರ. ನಿಮ್ಮ ಗಾಡಿಯಲ್ಲಿ ನಡುವಿನ ಡಿಫರೆನ್ಷಿಯಲ್ (ಮುಂದಿನ, ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ) ಇಲ್ಲ, ಒಣ ಟಾರ್ ರಸ್ತೆಯಲ್ಲಿ 4ಎಚ್ ಹಾಕಿ ತಿರುವು ತೆಗೆದರೂ ಗಾಡಿ ಬಿಗಿ ಹಿಡಿಯುತ್ತದೆ. ಇನ್ನೊಂದು, ಅದು ಮೂಕಾಂಬಿಕಾ ಅಭಯಾರಣ್ಯದ ಜಾಗ. ಸ್ವಂತ ಗಾಡಿ ಬಿಡುತ್ತಾರಾ ಅಂತ ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಳ್ಳಿ.

ಕೆಸರುಚಕ್ರ: ಹತ್ತುವುದು ಎಲ್ಲರಿಗೂ ಬರುತ್ತದೆ, ನಾನು ಕೆಟ್ಟಿದ್ದು ಇಳಿಯುವಾಗ. 4ಎಚ್‌ನಲ್ಲೇ ಇದ್ದೆ, ಹೆದರಿಕೆಗೆ ಕ್ಲಚ್ ತುಳಿದುಕೊಂಡು ಬರೀ ಬ್ರೇಕಿನ ಮೇಲೆ ಇಳಿಸುತ್ತಾ ಬಂದೆ. ಅರ್ಧ ದಾರಿಗೆ ಸುಟ್ಟ ವಾಸನೆ, ಆಮೇಲೆ ಪೆಡಲ್ ಮೆತ್ತಗಾಯಿತು. ಎದುರು ಬಂದ ಜೀಪಿನ ಡ್ರೈವರ್ ಒಂದು ಮಾತೂ ಆಡದೆ ಇಳಿದು ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟರು. ಅರ್ಧ ಗಂಟೆ ತಣ್ಣಗಾಗಲು ಬಿಟ್ಟು, 4ಎಲ್ ಮೊದಲ ಗೇರಿನಲ್ಲಿ ಕ್ಲಚ್ ಮುಟ್ಟದೆ ಇಳಿಸಿದೆವು. ಗಾಡಿ ಎತ್ತಿನ ಹಾಗೆ ನಡೆಯಿತು. ಅಷ್ಟೊತ್ತು ಉಂಬಳ (ರಕ್ತ ಹೀರುವ ಜಿಗಣೆ) ನನ್ನ ಕಾಲಲ್ಲಿ ಊಟ ಮಾಡುತ್ತಿತ್ತು, ಗೊತ್ತೇ ಆಗಲಿಲ್ಲ. ನನ್ನ ಸಲಹೆ: ಈ ಸಲ ಜೀಪಿನಲ್ಲಿ ಮುಂದಿನ ಸೀಟು ಹಿಡಿದು ಡ್ರೈವರ್ ಕಾಲು ನೋಡಿ, ದಾರಿ ನೋಡಬೇಡಿ. ಕ್ಲಚ್ ಎಷ್ಟು ಕಮ್ಮಿ ಮುಟ್ಟುತ್ತಾರೆ ಅಂತ ಆಶ್ಚರ್ಯವಾಗುತ್ತದೆ.

ಘಟ್ಟದವ: ಇದು ಸರಿ. ಟೈರ್ ಗಾಳಿಯನ್ನೂ 20 ಪಿಎಸ್‌ಐ ಆಸುಪಾಸಿಗೆ ಇಳಿಸಿ, ಕಲ್ಲಿನ ಮೇಲೆ ಜಾರುವುದು ಕಮ್ಮಿ. ಟಾರ್ ರಸ್ತೆಗೆ ಬಂದ ತಕ್ಷಣ ಮತ್ತೆ ತುಂಬಿಸಬೇಕು. ಹತ್ತುವ ಗಾಡಿಗೆ ದಾರಿ ಬಿಡಿ.

ಹೊಸಗಾಡಿ: ಅಮ್ಮನಿಗೆ ಓದಿ ಹೇಳಿದೆ. ಜೀಪೇ ಅಂತೆ, ಚರ್ಚೆ ಇಲ್ಲ. ಮುಂದಿನ ಸೀಟು ಮಾತ್ರ ನನಗೆ ಬಿಟ್ಟಿದ್ದಾರೆ. ಮುಂದೆ ನಾನೇ ಓಡಿಸುವಾಗ ಗಾಳಿ ತುಂಬಲು 12 ವೋಲ್ಟಿನ ಸಣ್ಣ ಕಂಪ್ರೆಸರ್ ಸಾಕಲ್ವಾ?